ಕೇಬಲ್ ಲೈನಿನಲ್ಲಿ ಹೋಗುವ ಕೇಡಿಗೆ ಯಾರು ಹೊಣೆ?

ಮಲೆನಾಡಿನ ಅಡಿಕೆ ಅಂಗಳಕ್ಕೆ ಈಗ ಸಿಸಿಟಿವಿ ಬಂದಿದೆ. ಬೇಯಿಸಿ ಹರವಿದ ಅಡಿಕೆಯನ್ನು ರಾತ್ರಿ ಯಾರಾದರೂ ಚೀಲಕ್ಕೆ ತುಂಬಿಕೊಂಡು ಹೋದರೆ ವರ್ಷದ ದುಡಿಮೆಯೇ ಹೋದಂತೆ. ಹಾಗಾಗಿ ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆ ಎಷ್ಟೋ ಮನೆಗಳಲ್ಲಿ ಚಾವಡಿಯ ಮೂಲೆಗೆ ಎರಡು ಕ್ಯಾಮೆರಾ, ಟಿವಿ ಕೆಳಗೆ ದೃಶ್ಯ ರೆಕಾರ್ಡ್ ಮಾಡಿಟ್ಟುಕೊಳ್ಳುವ ಒಂದು ಡಿವಿಆರ್ ಡಬ್ಬ, ಪಕ್ಕದಲ್ಲಿ ಕೇಬಲ್‌ನವರು ಕೊಟ್ಟ ಫೈಬರ್ ಮೋಡೆಮ್. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲೇ ಅಂಗಳ ನೋಡುತ್ತಾನೆ. ಅವನಿಗೆ ಕಾಣಲಿ ಅಂತ ಕೆಲವು ಕಡೆ ಕ್ಯಾಮೆರಾ ಹಾಕಿಕೊಟ್ಟ ಹುಡುಗ ಸ್ಟ್ಯಾಟಿಕ್ ಐಪಿ (ಇಂಟರ್ನೆಟ್‌ನಲ್ಲಿ ಮನೆಗೊಂದು ಬದಲಾಗದ ಅಡ್ರೆಸ್) ತೆಗೆಸಿ, ಮೋಡೆಮ್‌ನಲ್ಲಿ ಒಂದೆರಡು ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಬಾಗಿಲು, ತೆರೆದಿಟ್ಟು ಹೋಗಿರುತ್ತಾನೆ. ಡಬ್ಬದ ಪಾಸ್‌ವರ್ಡ್ ಮಾತ್ರ ಕಂಪನಿಯಿಂದ ಬಂದಾಗ ಏನಿತ್ತೋ ಅದೇ.

2016ರಲ್ಲಿ ಹೊರಬಿದ್ದ ಮಿರಾಯ್ ಎಂಬ ಮಾಲ್‌ವೇರ್ (ಕೇಡು ಮಾಡುವ ಸಾಫ್ಟ್‌ವೇರ್) ಹುಡುಕಿಕೊಂಡು ಬಂದದ್ದು ಇಂಥ ಡಬ್ಬಗಳನ್ನೇ. ಅದು ಮಾಡುತ್ತಿದ್ದುದರಲ್ಲಿ ಜಾಣತನ ಏನೂ ಇರಲಿಲ್ಲ. ಇಂಟರ್ನೆಟ್‌ನಲ್ಲಿ ಸಿಕ್ಕ ಸಿಕ್ಕ ಐಪಿ ಅಡ್ರೆಸ್ ತಟ್ಟುವುದು. ದೂರದಿಂದಲೇ ಡಬ್ಬದೊಳಗೆ ಲಾಗಿನ್ ಆಗಲು ಇರುವ ಟೆಲ್‌ನೆಟ್ ಪೋರ್ಟ್ ತೆರೆದಿದ್ದರೆ, ಕಂಪನಿಗಳು ಮೊದಲೇ ಇಟ್ಟು ಕಳಿಸುವ ಅರವತ್ತು ಚಿಲ್ಲರೆ ಯೂಸರ್‌ನೇಮ್, ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡುವುದು. ಯಾವುದಾದರೂ ಒಂದು ಹೊಂದಿದರೆ ಮುಗಿಯಿತು, ಡಬ್ಬ ಅದರ ಕೈವಶ. ಒಂದು ಹಂತದಲ್ಲಿ ಜಗತ್ತಿನಾದ್ಯಂತ ಸುಮಾರು 6 ಲಕ್ಷ ಕ್ಯಾಮೆರಾ, ಡಿವಿಆರ್, ರೌಟರ್‌ಗಳು ಹೀಗೆ ಸಿಕ್ಕಿಬಿದ್ದಿದ್ದವು. 2016ರ ಅಕ್ಟೋಬರ್ 21ರಂದು ಇಂಥ ಡಬ್ಬಗಳಿಂದ ಡೈನ್ ಎಂಬ ಅಮೆರಿಕದ ಡಿಎನ್‌ಎಸ್ ಕಂಪನಿಯ (ವೆಬ್‌ಸೈಟಿನ ಹೆಸರಿಗೆ ಐಪಿ ಅಡ್ರೆಸ್ ಹುಡುಕಿಕೊಡುವ ಕಂಪನಿ) ಮೇಲೆ ಒಟ್ಟಿಗೇ ಟ್ರಾಫಿಕ್, ಅಂದರೆ ಡೇಟಾದ ಹೊಳೆ, ಸುರಿಯಿತು. ಟ್ವಿಟ್ಟರ್, ನೆಟ್‌ಫ್ಲಿಕ್ಸ್, ರೆಡಿಟ್ ತೆರೆಯಲಾಗದೆ ಅಲ್ಲಿನ ಜನ ಗಂಟೆಗಟ್ಟಲೆ ಒದ್ದಾಡಿದರು. ಮಿರಾಯ್ ಬರೆದವರು ಮೂವರು ಅಮೆರಿಕನ್ ಹುಡುಗರು. 2017ರ ಡಿಸೆಂಬರ್ ಹೊತ್ತಿಗೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿದ್ದರು. ಅಷ್ಟರಲ್ಲಿ ಅದರ ಕೋಡ್ ಎಲ್ಲರಿಗೂ ಸಿಗುವಂತಾಗಿತ್ತು. ಅದರ ಮರಿಗಳು ಇವತ್ತಿಗೂ ಓಡಾಡಿಕೊಂಡಿವೆ.

ಡಬ್ಬದ ಮಾಲೀಕರಿಗೆ ಇದು ಗೊತ್ತೇ ಆಗುವುದಿಲ್ಲ. ಕ್ಯಾಮೆರಾದಲ್ಲಿ ಅಂಗಳ ಎಂದಿನಂತೆ ಕಾಣುತ್ತಿರುತ್ತದೆ. ನೆಟ್ ಸ್ವಲ್ಪ ನಿಧಾನವಾದರೆ "ಮಳೆ ಅಲ್ವಾ, ಲೈನ್ ಹೀಗೇ" ಅಂತ ಸುಮ್ಮನಾಗುತ್ತಾರೆ. ಮಿರಾಯ್ ಇರುವುದು ಡಬ್ಬದ ಮೆಮೊರಿಯಲ್ಲಿ ಮಾತ್ರ. ಕರೆಂಟು ಹೋಗಿ ಬಂದರೆ ಅಳಿಸಿ ಹೋಗುತ್ತದೆ. ಆ ಲೆಕ್ಕಕ್ಕೆ ಮಲೆನಾಡಿನ ಡಬ್ಬಗಳು ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಶುದ್ಧವಾಗಬೇಕು! ಆದರೆ ಪಾಸ್‌ವರ್ಡ್ ಹಳೆಯದೇ ಇದ್ದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಹೊಕ್ಕುತ್ತದೆ.

ಹಾಗಾದರೆ ತಪ್ಪು ಯಾರದು? ಐಟಿ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ, ಬೇರೆಯವರ ಕಂಪ್ಯೂಟರನ್ನು ಅವರಿಗೇ ಬಳಸಲು ಆಗದಂತೆ ಮಾಡುವುದು ತಪ್ಪು. ಮೋಸದ ಉದ್ದೇಶವೂ ಇದ್ದರೆ 66ನೇ ಸೆಕ್ಷನ್ ಬರುತ್ತದೆ, 3 ವರ್ಷದವರೆಗೆ ಜೈಲು. ಅಂಗಳದ ಯಜಮಾನರಿಗೆ ಯಾವ ಉದ್ದೇಶವೂ ಇರಲಿಲ್ಲ. ಡಬ್ಬ ಮಾಡಿದ ಕಂಪನಿ ದೂರದ ದೇಶದಲ್ಲಿದೆ. ಹಾಕಿಕೊಟ್ಟ ಹುಡುಗ ಈಗ ಸೋಲಾರ್ ಹಾಕುತ್ತಿದ್ದಾನೆ. ಉಳಿದವರು ಇಂಟರ್ನೆಟ್ ಕೊಟ್ಟವರು. ಅಷ್ಟೂ ಟ್ರಾಫಿಕ್ ಹೋದದ್ದು ಅವರ ತಂತಿಯಲ್ಲಿ. ತಿಂಗಳು ತಿಂಗಳು ದುಡ್ಡು ತೆಗೆದುಕೊಳ್ಳುವವರು ಅವರು, ಸರ್ಕಾರದ ಲೈಸೆನ್ಸ್ ಇರುವುದೂ ಅವರಿಗೆ. ಬೇಕೆಂದರೆ ನಿಲ್ಲಿಸಲೂ ಅವರಿಂದ ಆಗುತ್ತಿತ್ತು. ಹಾಗಾಗಿ ಎಲ್ಲರ ಬೆರಳೂ ಅವರ ಕಡೆಗೇ ತಿರುಗುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಅದು ಬಿಡಿಸದೆ ಈ ಚರ್ಚೆ ಮುಂದೆ ಹೋಗುವುದೇ ಇಲ್ಲ. 'ಕೆಟ್ಟ ಟ್ರಾಫಿಕ್' ಅಂತ ನಾವು ಕರೆಯುವುದರಲ್ಲಿ ಎರಡು ಬಗೆ ಇದೆ. ಒಂದರಲ್ಲಿ ಕೇಡು ಇರುವುದು ವಿಷಯದಲ್ಲಿ: ಸುಳ್ಳು ಸುದ್ದಿ, ಕೋಮು ಕೆರಳಿಸುವ ವಿಡಿಯೋ, ಮೋಸದ ಮೆಸೇಜು. ಇನ್ನೊಂದರಲ್ಲಿ ವಿಷಯ ಏನೂ ಇಲ್ಲ. ಕಸದಂಥ ಪ್ಯಾಕೆಟ್‌ಗಳು, ಅಂದರೆ ಡೇಟಾದ ಸಣ್ಣ ಸಣ್ಣ ಕಟ್ಟುಗಳು. ಅವು ಎಷ್ಟು ಹೋಗುತ್ತಿವೆ, ಹೇಗೆ ಹೋಗುತ್ತಿವೆ ಅನ್ನುವುದೇ ಅಲ್ಲಿ ಕೇಡು. ಡಿವಿಆರ್ ಡಬ್ಬದಿಂದ ಹೊರಟದ್ದು ಈ ಎರಡನೆಯದು.

ಇಂಟರ್ನೆಟ್ ಕೊಡುವವರಿಗೆ ಏನು ಕಾಣುತ್ತದೆ ಅಂತ ನೋಡಿದರೆ ಈ ವ್ಯತ್ಯಾಸ ಯಾಕೆ ಮುಖ್ಯ ಅಂತ ಗೊತ್ತಾಗುತ್ತದೆ. ಇವತ್ತು ಬಹುಪಾಲು ವೆಬ್‌ಸೈಟು, ಆ್ಯಪುಗಳ ಮಾತುಕತೆ ಎನ್‌ಕ್ರಿಪ್ಟ್ ಆಗಿರುತ್ತದೆ. ನೀವು ವಾಟ್ಸಾಪ್‌ನಲ್ಲಿ ಏನು ಕಳಿಸಿದಿರಿ ಅಂತ ಕೇಬಲ್‌ನವರಿಗೂ ಕಾಣುವುದಿಲ್ಲ, ಅವರಿಗೆ ಲೈನ್ ಕೊಟ್ಟ ದೊಡ್ಡ ಕಂಪನಿಗೂ ಕಾಣುವುದಿಲ್ಲ. ಕಾಣುವುದು ಇಷ್ಟು: ಯಾವ ಅಡ್ರೆಸ್‌ನಿಂದ, ಯಾವ ಅಡ್ರೆಸ್‌ಗೆ, ಯಾವ ಪೋರ್ಟಿಗೆ, ಎಷ್ಟು ಹೊತ್ತಿಗೆ, ಎಷ್ಟು ಡೇಟಾ. ಒಳಗಿನ ವಿಷಯಕ್ಕೆ ಹೊಣೆ ಮಾಡಬೇಕಾದರೆ ಅವರು ಎಲ್ಲವನ್ನೂ ಬಿಚ್ಚಿ ಓದಬೇಕು. ಅದು ಆಗುವುದೂ ಕಷ್ಟ. ಆಗುವಂತಿದ್ದರೂ ಬೇಡ ಅನ್ನುವವರ ಪೈಕಿ ನಾನು.

ವಿಷಯದ ಬಗ್ಗೆ ನಮ್ಮ ಕಾನೂನು ಸ್ವಲ್ಪ ಪೆಟ್ಟು ತಿಂದೇ ಕಲಿತಿದೆ. 2004ರಲ್ಲಿ ಬಾಝೀ ಡಾಟ್ ಕಾಮ್ ಎಂಬ ಮಾರಾಟದ ಸೈಟಿನಲ್ಲಿ ಯಾರೋ ಒಂದು ಅಶ್ಲೀಲ ವಿಡಿಯೋ ಮಾರಾಟಕ್ಕಿಟ್ಟರು. ಪೊಲೀಸರು ಬಂಧಿಸಿದ್ದು ಆ ಸೈಟಿನ ಮುಖ್ಯಸ್ಥರನ್ನೇ. ದೊಡ್ಡ ಗದ್ದಲವಾಯಿತು. 2008ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದಾಗ 79ನೇ ಸೆಕ್ಷನ್ ಗಟ್ಟಿಯಾಯಿತು. ನೀವು ಟ್ರಾಫಿಕ್ ಶುರು ಮಾಡಿಲ್ಲ, ಯಾರಿಗೆ ಹೋಗಬೇಕು ಅಂತ ಆರಿಸಿಲ್ಲ, ಒಳಗಿನದನ್ನು ಬದಲಿಸಿಲ್ಲ, ಮತ್ತು ತಕ್ಕಷ್ಟು ಎಚ್ಚರ ವಹಿಸಿದ್ದೀರಿ ಅಂದರೆ, ಬೇರೆಯವರು ಹಾಕಿದ್ದಕ್ಕೆ ನೀವು ಹೊಣೆಯಲ್ಲ. ತಪ್ಪು ಅಂತ ತಿಳಿದ ಮೇಲೂ ಸುಮ್ಮನಿದ್ದರೆ ಆ ರಕ್ಷಣೆ ಹೋಗುತ್ತದೆ. 'ತಿಳಿದ ಮೇಲೆ' ಅಂದರೆ ಯಾರು ತಿಳಿಸಿದ ಮೇಲೆ? 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿತು: ಕೋರ್ಟಿನ ಆದೇಶ ಬರಬೇಕು, ಇಲ್ಲವೇ ಸರ್ಕಾರದ ಸೂಚನೆ ಬರಬೇಕು. ದಾರಿಹೋಕರೊಬ್ಬರು ದೂರು ಕೊಟ್ಟ ತಕ್ಷಣ ತೆಗೆಯಬೇಕಾಗಿಲ್ಲ. ಸರ್ಕಾರದ ಸೂಚನೆ ಎಲ್ಲಿಯವರೆಗೆ ಚಾಚಬಹುದು ಅನ್ನುವ ಜಗಳ ಇನ್ನೂ ನಡೆದಿದೆ. 'ಇದನ್ನು ತೆಗೆಯಿರಿ' ಅಂತ ಸರ್ಕಾರ ಇಂಥ ಕಂಪನಿಗಳಿಗೆ ಸೂಚನೆ ಕಳಿಸುವ ಸಹಯೋಗ್ ಪೋರ್ಟಲ್ ವಿರುದ್ಧ ಎಕ್ಸ್ (ಹಿಂದಿನ ಟ್ವಿಟ್ಟರ್) ಕಂಪನಿ ಹಾಕಿದ್ದ ಅರ್ಜಿಯನ್ನು ನಮ್ಮ ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಆ ಕತೆ ಬೇರೆಯದೇ ಲೇಖನ ಬೇಡುತ್ತದೆ, ಇಲ್ಲಿಗೆ ಬಿಡೋಣ.

ಎರಡನೇ ಬಗೆಗೆ ಬರೋಣ. ಅದರಲ್ಲೂ ನನಗೆ ಜಾಸ್ತಿ ಸಿಟ್ಟು ಬರಿಸುವುದು ಸುಳ್ಳು ಅಡ್ರೆಸ್‌ನ ವಿಷಯ.

ಇಂಟರ್ನೆಟ್‌ನಲ್ಲಿ ಓಡಾಡುವ ಪ್ರತಿ ಪ್ಯಾಕೆಟ್ ಮೇಲೂ ಎರಡು ಅಡ್ರೆಸ್ ಇರುತ್ತದೆ, ಹೊರಟಿದ್ದು ಎಲ್ಲಿಂದ, ಹೋಗಬೇಕಾದ್ದು ಎಲ್ಲಿಗೆ ಅಂತ. ದಾರಿಯಲ್ಲಿ ಸಿಗುವ ರೌಟರ್‌ಗಳು ನೋಡುವುದು 'ಎಲ್ಲಿಗೆ' ಅನ್ನುವುದನ್ನು ಮಾತ್ರ. 'ಎಲ್ಲಿಂದ' ಅನ್ನುವ ಜಾಗದಲ್ಲಿ ಸುಳ್ಳು ಬರೆದರೂ ಪ್ಯಾಕೆಟ್ ಆರಾಮಾಗಿ ತಲುಪುತ್ತದೆ. ದಾಳಿಕೋರರು ಇದನ್ನು ಬಳಸುವುದು ಹೀಗೆ: ಯಾರನ್ನು ಕೆಡವಬೇಕೋ ಅವರ ಅಡ್ರೆಸ್ಸನ್ನೇ 'ಎಲ್ಲಿಂದ' ಅನ್ನುವಲ್ಲಿ ಹಾಕಿ, ಬೇರೆ ಯಾವುದೋ ಸರ್ವರಿಗೆ ಒಂದು ಪುಟ್ಟ ಪ್ರಶ್ನೆ ಕಳಿಸುತ್ತಾರೆ. ಪಾಪದ ಸರ್ವರ್ ದೊಡ್ಡ ಉತ್ತರವನ್ನು ಆ ಅಡ್ರೆಸ್‌ಗೆ ಕಳಿಸುತ್ತದೆ. ಕೇಳದೇ ಇದ್ದವರ ತಲೆ ಮೇಲೆ ಉತ್ತರಗಳ ರಾಶಿ ಬೀಳುತ್ತದೆ. ಮೆಮ್‌ಕ್ಯಾಶ್‌ಡ್ ಎಂಬ ಸಾಫ್ಟ್‌ವೇರಿನಲ್ಲಿ ಇದು ವಿಪರೀತಕ್ಕೆ ಹೋಗಿತ್ತು. 15 ಬೈಟಿನ ಪ್ರಶ್ನೆಗೆ 750 ಕಿಲೋಬೈಟಿನ ಉತ್ತರ, ಅಂದರೆ 50 ಸಾವಿರ ಪಟ್ಟಿಗೂ ಜಾಸ್ತಿ! 2018ರ ಫೆಬ್ರವರಿ 28ರಂದು ಸಾಫ್ಟ್‌ವೇರ್ ಬರೆಯುವವರು ಕೋಡ್ ಇಡುವ ಗಿಟ್‌ಹಬ್ ಸೈಟಿನ ಮೇಲೆ ಈ ದಾರಿಯಲ್ಲೇ ಸೆಕೆಂಡಿಗೆ 1.35 ಟೆರಾಬಿಟ್‌ನಷ್ಟು ಟ್ರಾಫಿಕ್ ಬಿತ್ತು.

ಇದಕ್ಕೆ ಮದ್ದು 2000ನೇ ಇಸವಿಯಿಂದಲೇ ಇದೆ. ಇಂಟರ್ನೆಟ್ ಹೇಗೆ ನಡೆಯಬೇಕು ಅಂತ ತಂತ್ರಜ್ಞರು ಬರೆದಿಟ್ಟ ಆರ್‌ಎಫ್‌ಸಿ 2827 ಎಂಬ ದಾಖಲೆ, ನೆಟ್‌ವರ್ಕ್ ಕೆಲಸದವರ ಬಾಯಲ್ಲಿ ಬಿಸಿಪಿ 38. ಅದು ಹೇಳುವುದು ಒಂದೇ ಮಾತು. ನಿಮ್ಮ ಗ್ರಾಹಕರಿಗೆ ಯಾವ ಅಡ್ರೆಸ್ ಕೊಟ್ಟಿದ್ದೀರಿ ಅಂತ ನಿಮಗೆ ಗೊತ್ತು. ಅವರ ಲೈನಿನಿಂದ ಬೇರೆ ಅಡ್ರೆಸ್ ಹೊತ್ತ ಪ್ಯಾಕೆಟ್ ಬಂದರೆ ಅಲ್ಲೇ ಬಿಸಾಡಿ. ಒಳಗೇನಿದೆ ಅಂತ ಓದಬೇಕಾಗಿಲ್ಲ. ದೊಡ್ಡ ರೌಟರ್‌ಗಳಲ್ಲಿ ಇದಕ್ಕೆ ಬೇಕಾದ ಸೌಲಭ್ಯ ಮೊದಲೇ ಇರುತ್ತದೆ, ಆನ್ ಮಾಡಬೇಕು ಅಷ್ಟೆ. ನಮ್ಮೂರಿನ ಕೇಬಲ್‌ನವರು ಇದಕ್ಕಾಗಿ ಏನೂ ಕೊಳ್ಳಬೇಕಾಗಿಲ್ಲ. ಅವರಲ್ಲಿ ಬಹಳಷ್ಟು ಜನ ಯಾವುದೋ ದೊಡ್ಡ ಕಂಪನಿಯ ಫ್ರಾಂಚೈಸಿ. ಗ್ರಾಹಕರ ಲೈನೆಲ್ಲ ಹೋಗಿ ಸೇರುವ ದೊಡ್ಡ ರೌಟರ್ ಆ ಕಂಪನಿಯದು. ಹಾಗಾಗಿ 'ಸಣ್ಣವರಿಗೆ ಹೊರೆಯಾಗುತ್ತದೆ' ಅನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಮಾತು: ಮನೆಯ ಮೋಡೆಮ್ ಸಾಮಾನ್ಯವಾಗಿ ಹೊರಗೆ ಹೋಗುವ ಪ್ಯಾಕೆಟ್ಟಿಗೆ ತನ್ನ ಅಡ್ರೆಸ್ಸನ್ನೇ ಹಾಕಿ ಕಳಿಸುತ್ತದೆ. ಆದ್ದರಿಂದ ಮನೆಗಳಿಂದ ಸುಳ್ಳು ಅಡ್ರೆಸ್ ಹೊರಬೀಳುವುದು ಕಡಿಮೆ. ಬಾಡಿಗೆ ಸರ್ವರ್‌ಗಳು, ಡೇಟಾ ಸೆಂಟರ್‌ಗಳ ಕಡೆಯಿಂದಲೇ ಈ ಕಾಟ ಜಾಸ್ತಿ.

ಮದ್ದು ಇಷ್ಟು ಸುಲಭವಾಗಿದ್ದರೂ ಇಪ್ಪತ್ತು ವರ್ಷ ದಾಟಿದ ಮೇಲೂ ಎಲ್ಲರೂ ಯಾಕೆ ಹಾಕಿಲ್ಲ? ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಒಬ್ಬರು ಬೋರ್ಡೋ ಹೊಡೆಸದೆ ಬಿಟ್ಟರೆ ಅವರ ತೋಟದ ಕೊಳೆರೋಗ ಪಕ್ಕದ ತೋಟಕ್ಕೂ ಬರುತ್ತದೆ. ಆದರೂ ಕೊಳೆಯ ವಿಷಯದಲ್ಲಿ ಒಂದು ಸಮಾಧಾನ ಇದೆ, ಔಷಧಿ ಹೊಡೆಸಿದವರ ತೋಟವೂ ಉಳಿಯುತ್ತದೆ. ಇಲ್ಲಿ ಅದೂ ಇಲ್ಲ. ನನ್ನ ನೆಟ್‌ವರ್ಕಿನಲ್ಲಿ ನಾನು ಸುಳ್ಳು ಅಡ್ರೆಸ್ ತಡೆದರೆ ಉಳಿಯುವುದು ಪೂರ್ತಿ ಬೇರೆಯವರೇ. ನನ್ನ ಮೇಲೆ ಬರುವ ದಾಳಿ ಒಂದು ಚೂರೂ ಕಡಿಮೆಯಾಗುವುದಿಲ್ಲ. ಖರ್ಚು ನನ್ನದು, ಲಾಭ ಊರವರದು. ಇಂಥ ಕೆಲಸ ಸಜ್ಜನಿಕೆಯ ಮೇಲೆ ಬಿಟ್ಟರೆ ಆಗುವುದಿಲ್ಲ, ನಿಯಮ ಬೇಕು.

ನಿಯಮ ಹಾಕಿದರೆ ಆಗುತ್ತದೆ ಅನ್ನುವುದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ, ಫೋನ್ ಕರೆಗಳ ಕಡೆ. ವಿದೇಶದಿಂದ ಬರುತ್ತಿದ್ದ ಮೋಸದ ಕರೆಗಳು ನಮ್ಮ ಫೋನಿನಲ್ಲಿ +91 ನಂಬರಾಗಿ ಕಾಣಿಸುತ್ತಿದ್ದವು. 'ನಿಮ್ಮ ಹೆಸರಿನಲ್ಲಿ ಪಾರ್ಸೆಲ್ ಸಿಕ್ಕಿದೆ, ಡಿಜಿಟಲ್ ಅರೆಸ್ಟ್' ಅಂತ ಹೆದರಿಸುವ ಗ್ಯಾಂಗುಗಳಿಗೆ ಇದು ಬಲು ಅನುಕೂಲ. 2024ರ ಅಕ್ಟೋಬರಿನಲ್ಲಿ ಟೆಲಿಕಾಂ ಇಲಾಖೆ ಇದಕ್ಕೊಂದು ವ್ಯವಸ್ಥೆ ತಂದಿತು. ಭಾರತದ ನಂಬರ್ ತೋರಿಸಿಕೊಂಡು ವಿದೇಶದ ಲೈನಿನಲ್ಲಿ ಬರುವ ಸುಳ್ಳು ಕರೆಯನ್ನು ಬಾಗಿಲಲ್ಲೇ ತಡೆಯುವುದು. ಮೊದಲ 24 ಗಂಟೆಯಲ್ಲಿ 1.35 ಕೋಟಿ ಕರೆ ಸಿಕ್ಕಿಬಿದ್ದವು ಅಂತ ಇಲಾಖೆಯೇ ಹೇಳಿತು. ಯಾರೂ ಯಾರ ಮಾತನ್ನೂ ಕದ್ದು ಕೇಳಲಿಲ್ಲ. ನಂಬರ್ ಸುಳ್ಳು, ಅಷ್ಟು ಸಾಕಾಯಿತು. ಬಿಸಿಪಿ 38 ಹೇಳುವುದೂ ಇದನ್ನೇ. ಫೋನಿಗೆ ಕಡ್ಡಾಯ ಮಾಡಿದವರು ಪ್ಯಾಕೆಟ್ಟಿಗೂ ಮಾಡಲಿ. 2024ರ ನವೆಂಬರಿನಲ್ಲಿ ಬಂದ ಟೆಲಿಕಾಂ ಸೈಬರ್ ಸೆಕ್ಯುರಿಟಿ ನಿಯಮಗಳಲ್ಲಿ, ಸೈಬರ್ ಅವಘಡವಾದರೆ 6 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು ಅಂತ ಇದೆ. ಅವಘಡ ಆದ ಮೇಲೆ ಓಡುವುದಕ್ಕಿಂತ ಆಗದಂತೆ ತಡೆಯುವ ಈ ಒಂದು ಸಾಲನ್ನು ಸ್ಪಷ್ಟವಾಗಿ ಸೇರಿಸಿದರೆ ಆಗುವ ನಷ್ಟ ಏನೂ ಇಲ್ಲ.

ಈಗ ಮತ್ತೆ ಡಿವಿಆರ್ ವಿಷಯ. ಮಿರಾಯ್‌ನಂಥದ್ದಕ್ಕೆ ಅಡ್ರೆಸ್ ತಪಾಸಣೆ ಸಾಲದು, ಯಾಕೆಂದರೆ ಡಬ್ಬಗಳು ಸಾಮಾನ್ಯವಾಗಿ ತಮ್ಮ ನಿಜವಾದ ಅಡ್ರೆಸ್‌ನಿಂದಲೇ ದಾಳಿ ಮಾಡುತ್ತವೆ. ಇಲ್ಲಿ ಆಗಬೇಕಾದ್ದು ಮನೆಯವರಿಗೆ ತಿಳಿಸಿ ಸರಿಪಡಿಸುವ ಕೆಲಸ. ಯಾವ ಅಡ್ರೆಸ್‌ನಲ್ಲಿ ಸೋಂಕು ಇದೆ ಅಂತ ಪತ್ತೆ ಹಚ್ಚುವ ಸಂಸ್ಥೆಗಳಿವೆ. ನಮ್ಮಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2017ರ ಫೆಬ್ರವರಿಯಿಂದ ಸೈಬರ್ ಸ್ವಚ್ಛತಾ ಕೇಂದ್ರ ನಡೆಸುತ್ತಿದೆ. ಅದು ಇಂಟರ್ನೆಟ್ ಕಂಪನಿಗಳಿಗೆ ಮಾಹಿತಿ ಕೊಡುತ್ತದೆ, ಸೋಂಕು ತೆಗೆಯುವ ಸಾಫ್ಟ್‌ವೇರನ್ನು ಜನರಿಗೆ ಬಿಟ್ಟಿಯಾಗಿ ಕೊಡುತ್ತದೆ. ಜಪಾನ್ 2019ರಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸರ್ಕಾರಿ ಸಂಸ್ಥೆಯೇ ದೇಶದ ಕ್ಯಾಮೆರಾ, ರೌಟರ್‌ಗಳ ಪಾಸ್‌ವರ್ಡ್ ಪರೀಕ್ಷೆ ಮಾಡಿ, ಸುಲಭದ ಪಾಸ್‌ವರ್ಡ್ ಇದ್ದವರಿಗೆ ಅವರ ಇಂಟರ್ನೆಟ್ ಕಂಪನಿಯ ಮೂಲಕ ಹೇಳಿಸುತ್ತಿದೆ.

ತಿಳಿಸುವುದು ಹೇಗೆ ಅನ್ನುವುದರಲ್ಲೇ ಎಲ್ಲ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮಿರಾಯ್ ಹೊಕ್ಕ ಮನೆಗಳ ಮೇಲೆ ಒಂದು ಅಧ್ಯಯನ ನಡೆಯಿತು, 2019ರಲ್ಲಿ ಪ್ರಕಟವಾಯಿತು. ಕೆಲವರಿಗೆ ಬರೀ ಇಮೇಲ್ ಕಳಿಸಿದರು. ಕೆಲವರ ಕನೆಕ್ಷನ್ನನ್ನು ಬೇಲಿಯೊಳಗೆ ಹಾಕಿದರು. ಅಂದರೆ ಬ್ರೌಸರ್ ತೆರೆದರೆ ಬೇರೇನೂ ಬರದೆ, 'ನಿಮ್ಮ ಮನೆಯ ಡಬ್ಬಕ್ಕೆ ಸೋಂಕು ತಗುಲಿದೆ, ಹೀಗೆ ಮಾಡಿ' ಅನ್ನುವ ಪುಟ ಮಾತ್ರ ಬರುವಂತೆ. ಬೇಲಿಯೊಳಗೆ ಹಾಕಿದವರಲ್ಲಿ 92% ಸೋಂಕು 14 ದಿನದೊಳಗೆ ಹೋಯಿತು. ಇಮೇಲ್ ಕಳಿಸಿದವರಿಗೂ ಏನೂ ತಿಳಿಸದೆ ಬಿಟ್ಟವರಿಗೂ ವ್ಯತ್ಯಾಸವೇ ಕಾಣಲಿಲ್ಲ! ಡಚ್ಚರೇ ಇಮೇಲ್ ಓದಿ ಎದ್ದು ಕೂರಲಿಲ್ಲ ಅಂದಮೇಲೆ ನಮ್ಮಲ್ಲಿ ಕೇಳುವುದೇ ಬೇಡ. ಎಷ್ಟೋ ಮನೆಗಳಲ್ಲಿ ಕನೆಕ್ಷನ್‌ಗೆ ಕೊಟ್ಟ ಇಮೇಲ್ ಐಡಿ ಯಾರದು ಅಂತಲೇ ಮನೆಯವರಿಗೆ ನೆನಪಿರುವುದಿಲ್ಲ.

ಹಾಗಂತ ಡಚ್ ಬೇಲಿಯನ್ನು ಹಾಗೇ ತಂದು ಮಲೆನಾಡಿನಲ್ಲಿ ನೆಟ್ಟರೆ ಅನಾಹುತವಾದೀತು. ಘಟ್ಟದ ಅಂಚಿನ ಎಷ್ಟೋ ಊರುಗಳಲ್ಲಿ ಮೊಬೈಲ್ ಟವರ್ ಸಿಗುವುದಿಲ್ಲ. 'ನೆಟ್‌ವರ್ಕ್ ಇಲ್ಲದಿದ್ದರೆ ವೋಟಿಲ್ಲ' ಅಂತ ಜನ ಬೋರ್ಡ್ ಹಾಕಿದ ಸೀಮೆ ಇದು. ಅಲ್ಲಿ ಫೋನ್ ಬರುವುದೇ ವೈಫೈ ಕಾಲಿಂಗ್‌ನಿಂದ. ಅಂದರೆ ಕೇಬಲ್‌ನವರ ಫೈಬರ್ ಬರೀ ಯೂಟ್ಯೂಬ್ ಅಲ್ಲ, ಅದೇ ಫೋನು, ಅದೇ ಆಂಬುಲೆನ್ಸ್ ಕರೆಯುವ ದಾರಿ. ಡಿವಿಆರ್‌ಗೆ ಸೋಂಕು ಅಂತ ಆ ಲೈನ್ ಕತ್ತರಿಸಿದರೆ, ರಾತ್ರಿ ಅಜ್ಜನಿಗೆ ಎದೆನೋವು ಬಂದಾಗ ಮನೆಯವರು ಏನು ಮಾಡಬೇಕು? ಬೇಲಿ ಹಾಕುವುದಾದರೆ ವೈಫೈ ಕರೆ ಹೊರಗೆ ಹೋಗುವಂತೆಯೇ ಹಾಕಬೇಕು. ದಾಳಿ ನಡೆಯುತ್ತಿರುವ ಪೋರ್ಟನ್ನಷ್ಟೇ ತಡೆದರೆ ಎಷ್ಟೋ ಸಲ ಅದೇ ಸಾಕು. ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುವ ಮಕ್ಕಳಿರುವ ಮನೆಗೂ ಇದೇ ಮಾತು.

ಇನ್ನೊಂದು ತೊಡಕು ಅಡ್ರೆಸ್ಸಿನದು. ಹಳೆ ಬಗೆಯ ಐಪಿ ಅಡ್ರೆಸ್‌ಗಳು ಖಾಲಿಯಾಗಿರುವುದರಿಂದ ಕಂಪನಿಗಳು ಒಂದೇ ಅಡ್ರೆಸ್ಸನ್ನು ನೂರಾರು ಮನೆಗಳಿಗೆ ಹಂಚುತ್ತವೆ. ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳದ ಮನೆಗಳೆಲ್ಲ ಹೀಗೇ. 'ಈ ಅಡ್ರೆಸ್‌ನಿಂದ ದಾಳಿಯಾಗಿದೆ' ಅಂತ ದೂರು ಬಂದರೆ ಅದು ಯಾವ ಮನೆ? ಎಷ್ಟು ಹೊತ್ತಿಗೆ, ಯಾವ ಪೋರ್ಟಿನಿಂದ ಅನ್ನುವುದು ದೂರಿನಲ್ಲೂ ಇರಬೇಕು, ಕಂಪನಿಯ ಲಾಗ್‌ನಲ್ಲೂ (ಯಾರು ಯಾವಾಗ ಬಳಸಿದರು ಅನ್ನುವ ದಾಖಲೆ) ಇರಬೇಕು. ಲಾಗ್ ಇಡುವುದು ಲೈಸೆನ್ಸಿನ ಷರತ್ತು. 2021ರ ಡಿಸೆಂಬರಿನಿಂದ 2 ವರ್ಷ ಇಡಬೇಕು. ಪೋರ್ಟ್ ವಿವರ ಇಲ್ಲದ ದೂರು ಹಿಡಿದುಕೊಂಡು ಯಾರದೋ ಮನೆಯ ಬಾಗಿಲು ತಟ್ಟಿದರೆ, ತಪ್ಪಿಲ್ಲದವರು ಸಿಕ್ಕಿಹಾಕಿಕೊಳ್ಳುತ್ತಾರೆ.

ಕಂಪನಿಗಳು ತಪ್ಪಿಸಿಕೊಳ್ಳಲಾಗದ ಹೊಣೆ ಒಂದಿದೆ, ಅವರೇ ಕೊಟ್ಟ ಮೋಡೆಮ್‌ನದು. 2016ರ ನವೆಂಬರಿನಲ್ಲಿ ಜರ್ಮನಿಯ ಡಾಯ್ಚೆ ಟೆಲಿಕಾಂನ ಸುಮಾರು 9 ಲಕ್ಷ ಗ್ರಾಹಕರ ರೌಟರ್‌ಗಳು ಮಿರಾಯ್‌ನ ಒಂದು ಮರಿಯ ಕಾಟಕ್ಕೆ ನೆಲಕಚ್ಚಿದವು. ನಮ್ಮ ರಾಜ್ಯದಲ್ಲೇ 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಸಾಲುಸಾಲಾಗಿ ಕೆಟ್ಟವು, ಸುಮಾರು 60,000 ಅಂತ ಆಗ ವರದಿಯಾಗಿತ್ತು. ಮೊದಲೇ ಇಟ್ಟ ಪಾಸ್‌ವರ್ಡ್ ಬದಲಿಸದ ಮೋಡೆಮ್‌ಗಳಿಗೆ ಹೆಚ್ಚು ಹೊಡೆತ ಬಿದ್ದಿತ್ತು, ಬದಲಿಸಿಕೊಳ್ಳಿ ಅಂತ ಗ್ರಾಹಕರಿಗೆ ಹೇಳಿದರು. ಡಬ್ಬಗಳನ್ನು ಪೂರ್ತಿ ಕೆಡಿಸಿಬಿಡುವ ಬ್ರಿಕರ್‌ಬಾಟ್ ಎಂಬ ಮಾಲ್‌ವೇರ್ ಬರೆದವನು ಇದು ತನ್ನ ಕೆಲಸ ಅಂತ ಹೇಳಿಕೊಂಡ. ಅಸುರಕ್ಷಿತ ಡಬ್ಬಗಳನ್ನು ಕೆಡಿಸಿ ಇಂಟರ್ನೆಟ್ ಉಳಿಸುತ್ತಿದ್ದೇನೆ ಅನ್ನುವುದು ಅವನ ವಾದ! ಎಲೆ ತಿನ್ನುವ ಹುಳ ಓಡಿಸಲು ಗಿಡವನ್ನೇ ಕಡಿದವನು ಅನ್ನಬೇಕು. ಏನೇ ಇರಲಿ, ಮೋಡೆಮ್ ಕೊಟ್ಟು, ಅದಕ್ಕೆ ಪಾಸ್‌ವರ್ಡ್ ಹಾಕಿಟ್ಟವರು 'ನೀವು ಬದಲಿಸಬೇಕಿತ್ತು' ಅಂತ ಗ್ರಾಹಕರತ್ತ ಕೈ ತೋರಿಸುವುದು ನ್ಯಾಯ ಅಲ್ಲ.

ಎಲ್ಲವನ್ನೂ ಕಂಪನಿಗಳ ತಲೆಗೆ ಕಟ್ಟುವುದಕ್ಕೆ ವಿರೋಧವೂ ಇದೆ, ಅದರಲ್ಲಿ ಹುರುಳೂ ಇದೆ. ಇವತ್ತು ದಾಳಿಯ ಪ್ಯಾಕೆಟ್ ತಡೆಯಿರಿ ಅಂದವರು ನಾಳೆ ಇಷ್ಟವಿಲ್ಲದ ಸೈಟನ್ನೂ ತಡೆಯಿರಿ ಅನ್ನಬಹುದು. ಈಗಾಗಲೇ ಐಟಿ ಕಾಯ್ದೆಯ 69ಎ ಸೆಕ್ಷನ್ ಅಡಿ ಸರ್ಕಾರ ಸೈಟುಗಳನ್ನು ಬ್ಲಾಕ್ ಮಾಡಿಸುತ್ತದೆ, ಆ ಆದೇಶಗಳನ್ನು ಗುಟ್ಟಾಗಿಡಬೇಕು ಅಂತ ನಿಯಮವೇ ಇದೆ. ದಂಡದ ಹೆದರಿಕೆ ಜಾಸ್ತಿಯಾದರೆ ಕಂಪನಿಗಳು ಅನುಮಾನ ಬಂದದ್ದನ್ನೆಲ್ಲ ತಡೆದು ಕೈ ತೊಳೆದುಕೊಳ್ಳುತ್ತವೆ. ಅದಕ್ಕೇ ಹೊಣೆಯ ಗೆರೆ ಪ್ಯಾಕೆಟ್ಟಿನ ಹೊರಗೇ ನಿಲ್ಲಬೇಕು ಅನ್ನುವುದು ನನ್ನ ಹಟ. ಸುಳ್ಳು ಅಡ್ರೆಸ್ ತಡೆಯದಿದ್ದರೆ ದಂಡ. ಸೋಂಕಿನ ಖಚಿತ ಮಾಹಿತಿ ಕೈಗೆ ಬಂದ ಮೇಲೂ ಗ್ರಾಹಕರಿಗೆ ತಿಳಿಸದಿದ್ದರೆ ದಂಡ. ತಾವೇ ಕೊಟ್ಟ ಮೋಡೆಮ್‌ಗೆ ಬೀಗ ಹಾಕದಿದ್ದರೆ ದಂಡ. ಒಳಗಿನ ವಿಷಯ ಅವರ ಸುದ್ದಿಯಲ್ಲ.

ಡಬ್ಬ ಮಾಡುವವರ ಪಾಲೂ ಇದೆ. ಬ್ರಿಟನ್ 2024ರ ಏಪ್ರಿಲ್‌ನಿಂದ ಎಲ್ಲ ಡಬ್ಬಕ್ಕೂ ಒಂದೇ ಸುಲಭದ ಪಾಸ್‌ವರ್ಡ್ ಇಟ್ಟು ಮಾರುವುದನ್ನು ನಿಷೇಧಿಸಿದೆ. ನಮ್ಮಲ್ಲೂ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸುರಕ್ಷತಾ ಪರೀಕ್ಷೆ ಕಡ್ಡಾಯ. ಇದು ಹೊಸದಾಗಿ ಮಾರುವವಕ್ಕೆ. ಈಗಾಗಲೇ ಟಿವಿ ಕೆಳಗೆ ಕೂತಿರುವ ಹಳೆಯ ಡಬ್ಬಗಳು ಇನ್ನೂ ಎಷ್ಟೋ ವರ್ಷ ಓಡುತ್ತವೆ.

ಉಳಿದದ್ದು ಖರ್ಚಿನ ಲೆಕ್ಕ. ಅಡ್ರೆಸ್ ತಪಾಸಣೆಗೆ ದೊಡ್ಡ ಕಂಪನಿಗೆ ಬೀಳುವ ಖರ್ಚು ಅಷ್ಟಕ್ಕಷ್ಟೇ. ಜಾಸ್ತಿ ಬೀಳುವುದು ಮನೆಮನೆಗೆ ತಿಳಿಸುವುದಕ್ಕೆ. ಕಾಲ್ ಸೆಂಟರಿನಿಂದ ಹಿಂದಿಯಲ್ಲಿ ಫೋನ್ ಬಂದು 'ನಿಮ್ಮ ಡಿವೈಸಿಗೆ ವೈರಸ್' ಅಂದರೆ, ಇದೂ ಮೋಸದ ಕರೆಯೇ ಅಂತ ಜನ ಇಟ್ಟುಬಿಡುತ್ತಾರೆ, ಇಡಬೇಕು ಕೂಡ. ಈ ಕೆಲಸಕ್ಕೆ ಸರಿಯಾದವರು ನಮ್ಮ ಕೇಬಲ್‌ನವರೇ. ಮರ ಬಿದ್ದು ಫೈಬರ್ ತುಂಡಾದಾಗ ಕಂಬ ಹತ್ತುವವರು ಅವರು, ಮನೆಮನೆಯ ಪರಿಚಯ ಇರುವವರು, ಎದುರು ಕೂತು ಡಿವಿಆರ್ ಪಾಸ್‌ವರ್ಡ್ ಬದಲಿಸಿಕೊಡಬಲ್ಲವರು. ಆದರೆ ಕಮಿಷನ್ ಮೇಲೆ ಬದುಕುವ ಫ್ರಾಂಚೈಸಿಗೆ ಈ ಓಡಾಟಕ್ಕೆ ಪೆಟ್ರೋಲ್ ದುಡ್ಡೂ ಹುಟ್ಟುವುದಿಲ್ಲ. ಸೋಂಕು ತೆಗೆದ ಪ್ರತಿ ಮನೆಗೂ ದೊಡ್ಡ ಕಂಪನಿ ಅವರಿಗೆ ಇಷ್ಟು ಅಂತ ಕೊಡಬೇಕು ಅನ್ನುವುದನ್ನು ನಿಯಮದಲ್ಲೇ ಬರೆಯಬೇಕು. ಇಲ್ಲದಿದ್ದರೆ ಹೊಣೆಯೆಲ್ಲ ಜಾರಿ ಜಾರಿ ಕೊನೆಗೆ ಏಣಿ ಹೊತ್ತು ಬರುವ ಹುಡುಗನ ಹೆಗಲಿಗೇ ಬೀಳುತ್ತದೆ.